ತಾಂಜಾನಿಯಾ ಕೈಪಿಡಿಯ ಎಂಟನೆಯ ಅಧ್ಯಾಯ

ಅಂಕಿತಾ ಸಿದ್ದಲಿಂಗಪ್ಪ
ಸಟನ್, 3 ಮಾರ್ಚ್ 2025

ಶ್ರೀಮತಿ ಬೃಂದಾ ಅವರಿಗೆ,

ಇಂದು ಮಾರ್ಚ್ ಮೂರು, ಸೋಮವಾರ. ಈ ಪತ್ರದ ಉದ್ದೇಶ ಒಂದೇ: ನಾನು ಬರೆದ ‘ತಾಂಜಾನಿಯಾ: ಪ್ರವಾಸಿಗರ ಕೈಪಿಡಿ’ಯ ಮುಖಪುಟದಲ್ಲಿ ಲೇಖಕಿ ಎಂದು ನಿಮ್ಮ ಹೆಸರು ಹೇಗೆ ಬಂತು ಎಂಬುದಕ್ಕೆ ನಿಮ್ಮಿಂದ ಲಿಖಿತ ಉತ್ತರ ಪಡೆಯುವುದು. ಶನಿವಾರದಿಂದ ನೀವು ಹನ್ನೊಂದು ಬಾರಿ ಕರೆ ಮಾಡಿದ್ದೀರಿ. ನಾನು ಫೋನ್ ಎತ್ತುವುದಿಲ್ಲ. ಮಾತಿನಲ್ಲಿ ನೀವು ಯಾರನ್ನಾದರೂ ಗೆಲ್ಲುತ್ತೀರಿ. ಬರವಣಿಗೆಯಲ್ಲಿ ನನ್ನನ್ನು ಗೆಲ್ಲಲಾರಿರಿ. ಆದ್ದರಿಂದ ಬರೆಯಿರಿ.

ನಡೆದದ್ದನ್ನು ಮೊದಲು ದಾಖಲಿಸುತ್ತೇನೆ. ಭೂಗೋಳ ಪದವಿಯಲ್ಲಿ ಇಡೀ ತರಗತಿಗೆ ಮೊದಲಿಗಳಾಗಿ ಹೊರಬಂದ ಬೇಸಿಗೆಯಲ್ಲಿ ನಾನು ಹೇಸ್‌ನ ನಿಮ್ಮ ಪ್ರವಾಸ ಸಂಸ್ಥೆಗೆ ಸೇರಿದೆ. ಸೇರಿದ ದಿನ ನೀವು ಹೇಳಿದಿರಿ: “ನಮ್ಮ ಜನಕ್ಕೆ ಆಫ್ರಿಕಾ ಅಂದ್ರೆ ಸಿಂಹ, ಅಷ್ಟೇ. ಒಂದು ದೇಶನ ಕನ್ನಡದಲ್ಲಿ ಕೂರಿಸಿಕೊಡು ಅಂಕು. ನಿನ್ನ ಹೆಸರಲ್ಲೇ ಹಾಕೋಣ.” ಐದು ತಿಂಗಳಲ್ಲಿ ಏಳು ಅಧ್ಯಾಯ ಬರೆದೆ. ನೆಲ, ನೀರು, ಮಳೆ, ಜನ, ಊರುಗಳು, ದಾರಿಗಳು, ಪ್ರವಾಸಿ ಒಯ್ಯಬಾರದ ವಸ್ತುಗಳು. ರಾಜಧಾನಿ ದೊಡೊಮಾ, ದಾರ್ ಎಸ್ ಸಲಾಮ್ ಅಲ್ಲ ಎಂದು ನಿಮಗೆ ನಾಲ್ಕು ಸಲ ಹೇಳಿಕೊಟ್ಟೆ. ಅಲ್ಲಿ ಪ್ಲಾಸ್ಟಿಕ್ ಚೀಲ ನಿಷಿದ್ಧ, ಚಟ್ನಿಪುಡಿಯನ್ನು ಅಂಗಡಿಯ ಚೀಲದಲ್ಲಿ ಸುತ್ತಿಕೊಂಡು ಹೋದರೆ ವಿಮಾನ ನಿಲ್ದಾಣದಲ್ಲೇ ಚೀಲ ಕಳಚಬೇಕಾಗುತ್ತದೆ ಎಂದು ಬರೆದಾಗ ನೀವು ನಕ್ಕು, “ಇದೊಂದಕ್ಕೇ ಬುಕ್ ತಗೋತಾರೆ” ಎಂದಿರಿ.

ಮೊದಲ ಪುಟದ ಮೊದಲ ವಾಕ್ಯಗಳು ಇವು: “ಕರ್ನಾಟಕದಂಥ ಐದು ನಾಡುಗಳನ್ನು ಪಕ್ಕಪಕ್ಕ ಹಾಸಿದರೆ ಒಂದು ತಾಂಜಾನಿಯಾ ಮುಚ್ಚೀತು. ಉತ್ತರಕ್ಕೆ ವಿಕ್ಟೋರಿಯಾ, ಪಶ್ಚಿಮಕ್ಕೆ ಟಾಂಗನಿಕಾ, ದಕ್ಷಿಣಕ್ಕೆ ನ್ಯಾಸಾ: ಮೂರು ಕಡೆ ಸರೋವರ. ನಾಲ್ಕನೆಯ ಕಡೆ ಕಾರವಾರದ ದಂಡೆಗೂ ಬಂದು ತಾಗುವ ನೀರು.” ಇವನ್ನು ನೀವು ಬರೆದಿರಾ?

ಶನಿವಾರ ಪುಸ್ತಕದ ಬಿಡುಗಡೆಗೆ ಸೌತ್‌ಹಾಲ್‌ನ ಸಭಾಂಗಣಕ್ಕೆ ನಮ್ಮ ತಂದೆ ಕೋಟು ಹಾಕಿಕೊಂಡು ಬಂದಿದ್ದರು. ಆಸ್ಪತ್ರೆಯಲ್ಲಿ ಅವರೊಂದಿಗೆ ಸ್ಟ್ರೆಚರ್ ತಳ್ಳುವ ಇಬ್ಬರನ್ನೂ ಕರೆತಂದಿದ್ದರು. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದರು: “ನಿನ್ನ ಹೆಸರ ಎಲ್ಲೈತವಾ? ನನ್ನ ಚಸ್ಮಾ ಬರೋಬರಿ ಇಲ್ಲೇನು?” ಕೊನೆಯ ಪುಟದಲ್ಲಿ ಸಿಕ್ಕಿತು. “ಟೈಪಿಂಗ್ ನೆರವು: ಕುಮಾರಿ ಅಂಕಿತಾ.” ತಂದೆ ಚಸ್ಮಾ ಒರೆಸಿಕೊಂಡು, “ಟೈಪ್ ಮಾಡಾಕ ಡಿಗ್ರಿ ಬೇಕಾತೇನವಾ” ಎಂದರು. ವೇದಿಕೆಯ ಮೇಲಿದ್ದ ನೀವು ಆಗ ಹಾರ ಹಾಕಿಸಿಕೊಳ್ಳುತ್ತಿದ್ದಿರಿ.

ಉತ್ತರಕ್ಕೆ ಒಂದು ವಾರ ಕಾಯುತ್ತೇನೆ.


ಬೃಂದಾ
ಹೇಸ್, 7 ಮಾರ್ಚ್ 2025

ಅಂಕು,

ನಿನ್ನ ಪತ್ರ ಓದಿ ನಾನು ಕೋರ್ಟಲ್ಲಿ ನಿಂತಿದ್ದೀನಾ ಅನ್ನಿಸಿತು. ಬೃಂದಕ್ಕ ಅಂತಿದ್ದವಳು ಈಗ ಶ್ರೀಮತಿ ಅಂತೀಯ. ಸರಿ, ಬಯ್ಯೋದಕ್ಕೂ ಹಕ್ಕಿದೆ ನಿನಗೆ, ಬೈಕೋ.

ಆದರೆ ಒಂದು ಮಾತು ಕೇಳು. ಕಿಲಿಮಂಜಾರೋ 5,895 ಮೀಟರ್ ಅಂತ ಬರೆದಿದ್ದೀಯ. ಅದನ್ನ ನೀನು ಟೇಪ್ ಹಿಡಿದು ಅಳೆದೆಯಾ? ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ ಅಂತ ಬರೆದೆ. ಆ ಮಳೆ ನಿನ್ನದಾ? ಇವೆಲ್ಲ ಊರಿಗೆಲ್ಲ ಗೊತ್ತಿರೋ ವಿಷಯ. ನೀನು ಚೆನ್ನಾಗಿ ಜೋಡಿಸಿದೆ, ಒಪ್ಪಿದೆ. ಆದರೆ ನಮ್ಮ ಜನ ಪುಸ್ತಕ ಕೊಳ್ಳೋದು ಮುಖ ನೋಡಿ. ಹದಿನೈದು ವರ್ಷದಿಂದ ಪ್ರತಿ ಯುಗಾದಿಗೆ, ಪ್ರತಿ ದೀಪಾವಳಿಗೆ ಅವರು ನೋಡಿರೋದು ನನ್ನ ಮುಖ. ನಿನ್ನ ಹೆಸರು ಹಾಕಿದ್ದರೆ “ಯಾರು ಈ ಹುಡುಗಿ, ಆಫ್ರಿಕಾ ನೋಡಿದ್ದಾಳಾ” ಅಂತ ಕೇಳೋರು. ನೋಡಿದ್ದೀಯಾ? ಇಲ್ಲ. ನಾನು ಎರಡು ಸಲ ಹೋಗಿ ಬಂದಿದ್ದೀನಿ.

ಟೈಪಿಂಗ್ ಅಂತ ಹಾಕಿದ್ದು ತಪ್ಪು. ಪ್ರಿಂಟಿಂಗ್ ಗಡಿಬಿಡಿ. ಅಪ್ಪನಿಗೆ ಸಾರಿ ಹೇಳು.

ಇನ್ನೊಂದು. ಎಂಟನೇ ಚಾಪ್ಟರ್ ‘ಕಾಲ’ ಅಂತ ಹೆಡಿಂಗ್ ಮಾತ್ರ ಇತ್ತಲ್ಲ, ನೀನು ಬರೆಯೋಷ್ಟರಲ್ಲಿ ಪ್ರೆಸ್‌ನವನು ಕುತ್ತಿಗೆ ಮೇಲೆ ಕೂತಿದ್ದ. ನಾನೇ ಒಂದು ಲೈನ್ ಬರೆದು ಏಳನೇ ಚಾಪ್ಟರ್ ಕೊನೆಗೆ ಸೇರಿಸಿದೆ: “ಅಲ್ಲಿಯ ಸಮಯ ಜಿಎಂಟಿಗಿಂತ ಮೂರು ಗಂಟೆ ಮುಂದೆ.” ಗಡಿಯಾರದ ಬಗ್ಗೆ ಇನ್ನೇನಿರುತ್ತೆ ಬರೆಯೋಕೆ? ನೋಡು, ನಾನೂ ಒಂದು ಲೈನ್ ಬರೆದಿದ್ದೀನಿ. ಲೇಖಕಿ ಅಂತ ಪೂರ್ತಿ ಸುಳ್ಳೇನಲ್ಲ.

ಆಗಸ್ಟಲ್ಲಿ ಮೊದಲ ಟ್ರಿಪ್ ಹೊರಡುತ್ತೆ. ಕೋಪ ಇಳಿದರೆ ಬಾ, ನಿನ್ನ ಸೀಟು ನಾನು ನೋಡ್ಕೋತೀನಿ.

ನಿನ್ನ ಬೃಂದಕ್ಕ


ಅಂಕಿತಾ ಸಿದ್ದಲಿಂಗಪ್ಪ
ಸಟನ್, 10 ಮಾರ್ಚ್ 2025

ಶ್ರೀಮತಿ ಬೃಂದಾ ಅವರಿಗೆ,

ಪರ್ವತವನ್ನು ಯಾರೂ ಬರೆಯುವುದಿಲ್ಲ, ನಿಜ. ವಾಕ್ಯವನ್ನು ಬರೆಯುತ್ತಾರೆ. ಆ ಪುಸ್ತಕದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ವಾಕ್ಯಗಳಿವೆ. ಅವುಗಳಲ್ಲಿ ನಿಮ್ಮದು ಒಂದು ಎಂದು ನೀವೇ ಬರೆದು ಕೊಟ್ಟಿದ್ದೀರಿ. ಆ ಕಾಗದವನ್ನು ಜೋಪಾನವಾಗಿ ಇಟ್ಟಿದ್ದೇನೆ.

ನನ್ನ ಷರತ್ತುಗಳು ಮೂರು. ಉಳಿದ ಪ್ರತಿಗಳ ಮುಖಪುಟದಲ್ಲಿ ನಿಮ್ಮ ಹೆಸರಿನ ಮೇಲೆ ನನ್ನ ಹೆಸರಿನ ಚೀಟಿ ಅಂಟಬೇಕು. ಅದೇ ಸಭಾಂಗಣದಲ್ಲಿ, ಅದೇ ಜನರೆದುರು, ಪುಸ್ತಕ ನನ್ನದೆಂದು ನೀವು ಬಾಯಿಬಿಟ್ಟು ಹೇಳಬೇಕು. ಹೇಳುವಾಗ ನಮ್ಮ ತಂದೆ ಮುಂದಿನ ಸಾಲಿನಲ್ಲಿ ಕುಳಿತಿರಬೇಕು.

ಇವು ನಡೆಯುವ ತನಕ ನಾನು ನಿಮ್ಮನ್ನು ಬಿಡುವುದಿಲ್ಲ. ಜಗಳವಾಡುತ್ತೇನೆ ಎಂದು ತಿಳಿಯಬೇಡಿ, ಜಗಳ ನನಗೆ ಬರುವುದಿಲ್ಲ. ಓದಿದ್ದನ್ನೂ ಅನುಭವಿಸಿದ್ದನ್ನೂ ನಾನು ಮರೆಯುವುದಿಲ್ಲ. ಪರೀಕ್ಷೆಗಳಲ್ಲಿ ಮೊದಲಿಗಳಾದದ್ದು ಅದೇ ಗುಣದಿಂದ. ಅಂದು ನಮ್ಮ ತಂದೆ ಹೇಗೆ ನಿಂತಿದ್ದರೋ, ಹಾಗೆಯೇ ನಿಮ್ಮ ಜನರ ನಡುವೆ ನೀವು ನಿಲ್ಲುವ ದಿನವನ್ನು ಕಾಯುತ್ತೇನೆ.

ಪ್ರವಾಸಕ್ಕೆ ಬರುವುದಿಲ್ಲ.


ಬೃಂದಾ
ಹೇಸ್, 19 ಜುಲೈ 2025

ಅಂಕು,

ನಾಲ್ಕು ತಿಂಗಳಾಯಿತು. ಬೀದಿಯಲ್ಲಿ ಸಿಕ್ಕರೂ ಮುಖ ತಿರುಗಿಸ್ತೀಯ ಅಂತ ಗೊತ್ತು, ಅದಕ್ಕೇ ಪತ್ರ. ನೋಡು, ನಿನ್ನ ಚಾಳಿ ನನಗೂ ಹತ್ತಿತು.

ನಿನ್ನ ಮೂರು ಷರತ್ತು ಈಗ ಆಗಲ್ಲ. ಜನ ಬುಕ್ ಮಾಡಿಬಿಟ್ಟಿದ್ದಾರೆ, ಹದಿನಾಲ್ಕು ಸೀಟು ಭರ್ತಿ. ಈಗ ಹೋಗಿ “ಪುಸ್ತಕ ನನ್ನದಲ್ಲ” ಅಂದರೆ ಟ್ರಿಪ್ಪೂ ನನ್ನದಲ್ಲ ಅಂದುಕೋತಾರೆ. ಮುಂದೆ ಯಾವಾಗಲಾದರೂ ನೋಡೋಣ.

ಒಂದು ಖುಷಿ ಸುದ್ದಿ. ಅಂಬುಜಾ ಟೀಚರ್ ಬರ್ತಿದ್ದಾರೆ. ನಿನಗೆ ಶನಿವಾರದ ಕ್ಲಾಸಲ್ಲಿ ಕನ್ನಡ ತಿದ್ದಿದ ಟೀಚರ್ ಹುಟ್ಟಿದ್ದು ಅಲ್ಲೇ, ವಿಕ್ಟೋರಿಯಾ ಸರೋವರದ ದಡದ ಮ್ವಾಂಜಾದಲ್ಲಿ ಅಂತ ನಿನಗೆ ಗೊತ್ತಿರುತ್ತೆ. ಅವರಪ್ಪ ಅಲ್ಲಿ ಮೇಷ್ಟ್ರಾಗಿದ್ದರಂತೆ, ಇವರು ಹನ್ನೆರಡು ವರ್ಷ ಆಗೋ ತನಕ ಅಲ್ಲೇ. ಒಂದೇ ಬೆಂಚಲ್ಲಿ ಕೂರ್ತಿದ್ದ ರೆಹೆಮಾ ಅನ್ನೋ ಗೆಳತಿ ಇನ್ನೂ ಇದ್ದಾರೆ, ಸರೋವರದೊಳಗೆ ಒಂದು ಸಣ್ಣ ದ್ವೀಪದಲ್ಲಿ. ಒಬ್ಬರನ್ನೊಬ್ಬರು ನೋಡಿ ಅರವತ್ತನಾಲ್ಕು ವರ್ಷ ಆಯಿತು. “ನನಗೆ ಸಿಂಹ ಬೇಡಮ್ಮ, ರೆಹೆಮಾ ತೋರಿಸು” ಅಂದರು. ಅದಕ್ಕೇ ಕೊನೆಗೆ ಒಂದು ದಿನ ಮ್ವಾಂಜಾ ಸೇರಿಸಿದೆ. ಸಫಾರಿ ಕಂಪನಿಯವರು ಆ ಕಡೆ ಬರಲ್ಲ, ನಾನೇ ದೋಣಿಯವನ ಜೊತೆ ಮೆಸೇಜಲ್ಲಿ ಮಾತಾಡಿ ಫಿಕ್ಸ್ ಮಾಡಿದ್ದೀನಿ. ಮಂಗಳವಾರ 3:00ಕ್ಕೆ ದೋಣಿ ಅಂತ ಕಳಿಸಿದ್ದಾನೆ. ಊಟ ಮುಗಿಸಿ ಆರಾಮಾಗಿ ಹೋಗೋದು. ಆ ದ್ವೀಪಕ್ಕೆ ವಾರಕ್ಕೆ ಎರಡೇ ದೋಣಿ, ಹೋದದ್ದೇ ಅವತ್ತೇ ವಾಪಸ್ ಕರ್ಕೊಂಡು ಬರುತ್ತೆ, ಮಾರನೇ ದಿನ ನಮ್ಮ ಫ್ಲೈಟು, ಹಾಗಾಗಿ ಇದೊಂದು ತಪ್ಪೋ ಹಾಗಿಲ್ಲ.

ಹೊರಡೋ ಮುಂಚೆ ಪುಸ್ತಕ ಒಂದು ಸಲ ನೋಡಿ, ಏನಾದರೂ ತಪ್ಪಿದ್ದರೆ ಹೇಳು. ಅಷ್ಟು ಮಾಡ್ತೀಯಾ?

ಅಂದಹಾಗೆ ಮೇ ತಿಂಗಳಲ್ಲಿ ನಿಮ್ಮಪ್ಪ ಆಫೀಸಿಗೆ ಬಂದಿದ್ದರು. ನಿನಗೆ ಹೇಳಿಲ್ಲ ಅನ್ನಿಸುತ್ತೆ. ಡ್ಯೂಟಿ ಮುಗಿಸಿ ಯೂನಿಫಾರ್ಮಲ್ಲೇ ಬಂದಿದ್ದರು. “ಹೆಸರ ಸಣ್ಣಂಗ ಹಾಕಿದ್ರೂ ನಡೀತೈತಿ ನೋಡ್ರಿ ಅಕ್ಕಾರ, ಒಳಗ ಎಲ್ಲ್ಯರ ಒಂದ್ ಕಡೆ” ಅಂದರು. ನೋಡೋಣ ಅಂದೆ. ಚಹಾ ಕುಡಿದು ಹೋದರು. ಪಾಪ, ಒಳ್ಳೆಯವರು.

ಬೃಂದಕ್ಕ


ಅಂಕಿತಾ
ಸಟನ್, 21 ಜುಲೈ 2025
(ಕಳಿಸದೆ ಉಳಿದ ಪತ್ರ)

ಬೃಂದಕ್ಕ,

ನೀವು ಕೈಬಿಟ್ಟ ಎಂಟನೆಯ ಅಧ್ಯಾಯವನ್ನು ಬರೆಯುತ್ತಿದ್ದೇನೆ. ಟೀಚರ್ ಹೋಗುತ್ತಿರುವುದರಿಂದ ಬರೆಯುತ್ತಿದ್ದೇನೆ, ನಿಮಗಾಗಿ ಅಲ್ಲ.

ತಾಂಜಾನಿಯಾದ ಜನರ ದಿನ ನಡುರಾತ್ರಿಯಲ್ಲಿ ಹುಟ್ಟುವುದಿಲ್ಲ, ಸೂರ್ಯನೊಂದಿಗೆ ಹುಟ್ಟುತ್ತದೆ. ಅವರು ಗಂಟೆಗಳನ್ನು ಎಣಿಸುವುದು ಅಲ್ಲಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ನಮ್ಮ ಎಂಟು ಅವರಿಗೆ ಎರಡು. ನಮ್ಮ ನಡುಹಗಲ ಹನ್ನೆರಡು ಅವರಿಗೆ ಆರು. ಸಮಭಾಜಕ ವೃತ್ತಕ್ಕೆ ಹತ್ತಿರದ ನೆಲವಾದ್ದರಿಂದ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತಾನೆ, ಲೆಕ್ಕ ಕೆಡುವುದಿಲ್ಲ. ವಿಮಾನ, ದೊಡ್ಡ ಹೋಟೆಲು, ಸಫಾರಿ ಕಂಪನಿಗಳು ನಮ್ಮಂತೆಯೇ ಗಡಿಯಾರ ನೋಡುತ್ತವೆ. ಊರ ಬಸ್ಸು, ದೋಣಿ, ಸಂತೆಗಳಲ್ಲಿ ಅನೇಕ ಕಡೆ ಅವರ ಎಣಿಕೆಯೇ ನಡೆಯುತ್ತದೆ. ಹಾಗಾಗಿ ಸ್ಥಳೀಯರು ಯಾವುದೇ ಗಂಟೆ ಹೇಳಿದರೂ ಪ್ರವಾಸಿ ಒಂದೇ ಪ್ರಶ್ನೆ ಕೇಳಬೇಕು: ಇದು ನಿಮ್ಮ ಗಂಟೆಯೋ, ನಮ್ಮ ಗಂಟೆಯೋ?

ಕನ್ನಡಿಗರಿಗೆ ಇದನ್ನು ತಿಳಿಸಲು ಅರ್ಧ ಪುಟ ಸಾಕಿತ್ತು. ನಮ್ಮ ಪಂಚಾಂಗವೂ ಸೂರ್ಯೋದಯದಿಂದಲೇ ಘಳಿಗೆ ಎಣಿಸುತ್ತದೆ. ಲಗ್ನ ಇಷ್ಟು ಘಳಿಗೆಗೆ ಎಂದರೆ ಯಾವ ಅಜ್ಜಿಯೂ ಗೋಡೆಯ ಗಡಿಯಾರ ನೋಡುತ್ತಿರಲಿಲ್ಲ.

ನಿಮ್ಮ ದೋಣಿ ಮಧ್ಯಾಹ್ನ ಮೂರಕ್ಕಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಎಂದು ನನಗೆ ಬಹುಮಟ್ಟಿಗೆ ಖಚಿತ. ದೋಣಿಯವನನ್ನು ಕೇಳಿ. ಕೇಳದೆ ಊಟಕ್ಕೆ ಕೂರಬೇಡಿ.

ಇಷ್ಟು ಬರೆದು ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ತಂದೆ ಯೂನಿಫಾರ್ಮಿನಲ್ಲಿ ಬಂದರು. ಸಣ್ಣ ಅಕ್ಷರ ಬೇಡಿದರು. ನೀವು ನೋಡೋಣ ಎಂದಿರಿ. ಆಸ್ಪತ್ರೆಯ ಬಾಗಿಲಿನಿಂದ ನಿಮ್ಮ ಬಾಗಿಲಿಗೆ ಎರಡು ರೈಲು, ಒಂದು ಬಸ್ಸು. ಅವರು ಎರಡು ತಿಂಗಳಿಂದ ನನ್ನೆದುರು ಕುಳಿತು ರೊಟ್ಟಿ ತಿನ್ನುತ್ತಿದ್ದಾರೆ, ಅಲ್ಲಿಗೆ ಹೋದದ್ದನ್ನು ಹೇಳಿಲ್ಲ.


ಅಂಕಿತಾ ಸಿದ್ದಲಿಂಗಪ್ಪ
ಸಟನ್, 22 ಜುಲೈ 2025

ಶ್ರೀಮತಿ ಬೃಂದಾ ಅವರಿಗೆ,

ಕೇಳಿದಂತೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಚ್ಚಾಗಿರುವುದರಲ್ಲಿ ತಪ್ಪಿಲ್ಲ.

ಪ್ರಯಾಣ ಸುಖಕರವಾಗಲಿ.


ಬೃಂದಾ
ಹೇಸ್, 8 ಆಗಸ್ಟ್ 2025

ಅಂಕು,

ನಾಳೆ ಹೊರಡ್ತಿದ್ದೀವಿ. ನಿನ್ನ ಎರಡು ಸಾಲಿನ ಪತ್ರವನ್ನ ಪುಸ್ತಕದೊಳಗೇ ಇಟ್ಟುಕೊಂಡಿದ್ದೀನಿ. ನೀನು ಹೀಗೆ ಬರೀತೀಯ ಅಂತ ಅಂದುಕೊಂಡಿರಲಿಲ್ಲ. ಕೋಪ ಇದ್ದರೂ ಕೆಲಸದ ಮಾತು ಬಂದಾಗ ಸರಿಯಾಗಿ ಹೇಳಿದೆ ನೋಡು, ಅದು ದೊಡ್ಡತನ. ಬಂದ ಮೇಲೆ ಕೂತು ಮಾತಾಡೋಣ.

ಬೃಂದಕ್ಕ


ಬೃಂದಾ
ಮ್ವಾಂಜಾ, 19 ಆಗಸ್ಟ್ 2025

ಅಂಕಿತಾ,

ಸಂಜೆ ಆರಾಗಿದೆ. ಹೋಟೆಲಿನ ವರಾಂಡದಲ್ಲಿ ಕೂತು ಬರೀತಿದ್ದೀನಿ, ಬೇರೆ ಯಾರ ಜೊತೆಯೂ ಮಾತಾಡೋ ಹಾಗಿಲ್ಲ.

ಎರಡು ಗಂಟೆಗೆಲ್ಲ ಹದಿನಾಲ್ಕು ಜನ ದಡದಲ್ಲಿದ್ದೆವು. ಟೀಚರ್ ರೇಷ್ಮೆ ಸೀರೆ ಉಟ್ಟಿದ್ದರು, ಗೆಳತಿಗೆ ಅಂತ ಒಂದು ಮೈಸೂರು ಸೀರೆ ಮಡಿಲಲ್ಲಿಟ್ಟುಕೊಂಡಿದ್ದರು. ದೋಣಿ ಇಲ್ಲ. ದೋಣಿಯವನು ಫೋನ್ ತೆಗೀಲಿಲ್ಲ, ನೀರ ಮೇಲೆ ಸಿಗ್ನಲ್ ಎಲ್ಲಿ. ಮೀನು ಮಾರೋ ಹೆಂಗಸೊಬ್ಬಳು ನನ್ನ ಫೋನಲ್ಲಿದ್ದ ಮೆಸೇಜ್ ನೋಡಿ ಆಕಾಶದ ಕಡೆ ಕೈ ತೋರಿಸಿದಳು. ಸೂರ್ಯ ಹುಟ್ಟೋ ಜಾಗದಿಂದ ಒಂದು, ಎರಡು, ಮೂರು ಅಂತ ಬೆರಳು ಮಡಚಿ, ದೋಣಿ ಹೋಯ್ತು ಅನ್ನೋ ಹಾಗೆ ಕೈ ಬೀಸಿದಳು. ಬೆಳಿಗ್ಗೆ ಒಂಬತ್ತಕ್ಕೇ ಹೋಗಿತ್ತು.

ಉಮಾಶಂಕರ ಅಂಕಲ್ ಎಲ್ಲರ ಮುಂದೆ ಕೇಳಿದರು: “ಹತ್ತು ದಿನದಿಂದ ಏನು ಕೇಳಿದರೂ ಬುಕ್ಕಲ್ಲಿದೆ ಬುಕ್ಕಲ್ಲಿದೆ ಅಂತಿದ್ರಲ್ಲಮ್ಮ, ಇದು ಯಾವ ಪೇಜಲ್ಲಿದೆ?” ಅವರ ಹೆಂಡತಿ ಕಲ್ಯಾಣಿ ಆಂಟಿ, “ಸುಮ್ನಿರಿ, ಬರೆದವರಿಗೇ ಗೊತ್ತಿಲ್ಲ, ಓದಿದವರಿಗೇನು ಗೊತ್ತಿರುತ್ತೆ” ಅಂದರು. ಯಾರೋ ನಕ್ಕರು.

ಆಗ ನಾನು ಹೇಳಿಬಿಟ್ಟೆ. ಪುಸ್ತಕ ನಾನು ಬರೆದಿದ್ದಲ್ಲ, ಅಂಕಿತಾ ಬರೆದಿದ್ದು ಅಂತ. ನಿನಗೆ ಬೇಕಾಗಿದ್ದು ಇದೇ ತಾನೆ? ಆದರೆ ನಿನ್ನ ಮರ್ಯಾದೆಗೆ ಅಂತ ಹೇಳಲಿಲ್ಲ. ನನ್ನ ತಲೆ ಮೇಲಿಂದ ಇಳಿಸೋಕೆ ಹೇಳಿದೆ. ಸುಳ್ಳು ಯಾಕೆ ಹೇಳಲಿ.

ದ್ವೀಪದಲ್ಲಿ ರೆಹೆಮಾ ಅಜ್ಜಿ ದೋಣಿ ಖಾಲಿ ಆಗೋ ತನಕ ನಿಂತಿದ್ದರಂತೆ. ಮೊಮ್ಮಗಳು ಫೋನ್ ಹಚ್ಚಿಕೊಟ್ಟಳು. ಆ ಕಡೆ ಅವರು ನಗ್ತಿದ್ದರು, ಈ ಕಡೆ ಟೀಚರ್ ಅಳ್ತಿದ್ದರು. ಇಬ್ಬರ ನಡುವೆ ಈಗ ಒಂದು ಭಾಷೆ ಇಲ್ಲ. ಎರಡು ನಿಮಿಷ ಬರೀ ಹೆಸರು ಕರೆದರು, ಅವರು ಇವರದು, ಇವರು ಅವರದು. ಮುಂದಿನ ದೋಣಿ ಶುಕ್ರವಾರ. ನಮ್ಮ ಫ್ಲೈಟು ನಾಳೆ. ಟೀಚರ್‌ಗೆ ಎಪ್ಪತ್ತಾರು, ಡಾಕ್ಟರು ಈ ಸಲವೇ ಕಷ್ಟಪಟ್ಟು ಒಪ್ಪಿದ್ದು.

ಒಂದೇ ಪ್ರಶ್ನೆ. ನಿನಗೆ ಗೊತ್ತಿತ್ತಾ?


ಅಂಕಿತಾ ಸಿದ್ದಲಿಂಗಪ್ಪ
ಸಟನ್, 22 ಆಗಸ್ಟ್ 2025

ಶ್ರೀಮತಿ ಬೃಂದಾ ಅವರಿಗೆ,

ಗೊತ್ತಿತ್ತು.

ದೋಣಿಯ ಗಂಟೆಯನ್ನು ನಿಮ್ಮ ಜುಲೈ ಪತ್ರದಲ್ಲಿ ಓದಿದ ಕ್ಷಣವೇ ಗೊತ್ತಾಯಿತು. ನೀವು ಕೇಳಿದ್ದು ಪುಸ್ತಕದಲ್ಲಿ ತಪ್ಪಿದೆಯೇ ಎಂದು. ಇಲ್ಲ ಎಂದು ಉತ್ತರಿಸಿದೆ. ಇಲ್ಲದಿರುವುದೇನು ಎಂದು ನೀವು ಕೇಳಲಿಲ್ಲ. ಗಡಿಯಾರದ ಬಗ್ಗೆ ಬರೆಯಲು ಇನ್ನೇನಿರುತ್ತದೆ ಎಂದು ಮಾರ್ಚಿನಲ್ಲಿ ಕೇಳಿದ್ದಿರಿ; ಇಷ್ಟಿರುತ್ತದೆ.

ನೀವು ದಡದಲ್ಲಿ ನಿಂತ ಭಾಗವನ್ನು ಎರಡು ಬಾರಿ ಓದಿದೆ. ಯಾರೋ ನಕ್ಕರು ಎಂದು ಬರೆದಿದ್ದೀರಿ. ಸೌತ್‌ಹಾಲ್‌ನಲ್ಲಿ ನಮ್ಮ ತಂದೆ ಚಸ್ಮಾ ಒರೆಸಿಕೊಂಡಾಗಲೂ ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದರು. ಈಗ ನೀವು ಅದನ್ನು ಬಲ್ಲಿರಿ. ಐದೂವರೆ ತಿಂಗಳಲ್ಲಿ ಮೊದಲ ಬಾರಿಗೆ ನೆಮ್ಮದಿಯಾಗಿ ಊಟ ಮಾಡಿದೆ.

ಟೀಚರ್ ವಿಷಯದಲ್ಲಿ ನನ್ನ ಲೆಕ್ಕ ಬೇರೆಯಾಗಿತ್ತು. ಅವರು ಹನ್ನೆರಡು ವರ್ಷ ಆ ಊರಿನಲ್ಲಿ ಬೆಳೆದವರು. ಆ ಎಣಿಕೆ ಅವರಿಗೆ ತಿಳಿದಿರಲೇಬೇಕು. ಸರಿಯಾದ ಹೊತ್ತಿಗೆ ಅವರೇ ಬಾಯಿಬಿಡುತ್ತಾರೆ, ಹದಿನಾಲ್ಕು ಜನರ ನಡುವೆ ನಿಮ್ಮನ್ನು ತಿದ್ದುತ್ತಾರೆ, ನಿಮ್ಮ ಪುಸ್ತಕದ ಬೆಲೆ ಎಲ್ಲರಿಗೂ ತಿಳಿಯುತ್ತದೆ, ದೋಣಿಯೂ ಸಿಗುತ್ತದೆ ಎಂದು ಎಣಿಸಿದ್ದೆ. ಎಂಟು ವರ್ಷ ನನ್ನ ಒಂದು ತಪ್ಪನ್ನೂ ಬಿಡದವರು ನಿಮ್ಮದನ್ನು ಏಕೆ ಬಿಟ್ಟರು?

ಇಷ್ಟಕ್ಕೆ ಉತ್ತರ ಬರೆಯಿರಿ. ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ. ನಿಮ್ಮ ಕಡೆಯಿಂದ ಏನನ್ನೂ ಸೇರಿಸಬೇಡಿ.


ಬೃಂದಾ
ಹೇಸ್, 30 ಆಗಸ್ಟ್ 2025

ಅಂಕಿತಾ,

ಸೇರಿಸದೆ ಬರೆಯುತ್ತೇನೆ.

ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ತಿಂಡಿಗೆ ಕೂತಿದ್ದೆವು. ಟೀಚರ್ ಪಕ್ಕದಲ್ಲಿದ್ದರು. ಕಿಟಕಿಯಿಂದ ದಡ ಕಾಣುತ್ತಿತ್ತು, ನಡೆದರೆ ಹತ್ತು ನಿಮಿಷ. ಟೀಚರ್ ಅಂದರು: “ಬೃಂದಾ, ನಾವು ಚಿಕ್ಕೋರಿದ್ದಾಗ ಬೆಳಿಗ್ಗೆ ಸ್ಕೂಲ್ ಬೆಲ್ ಹೊಡೆದರೆ ಎರಡು ಗಂಟೆ ಆಯ್ತು ಅಂತಿದ್ವಿ ಕಣಮ್ಮ. ಈ ಮೂರು ಗಂಟೆ ನಮ್ಮ ಮೂರೋ, ಅವರ ಮೂರೋ?”

ನನಗೆ ಅರ್ಥವಾಗಲಿಲ್ಲ. “ಹಾಗೇನಿಲ್ಲ ಟೀಚರ್, ಇದ್ದಿದ್ದರೆ ಬುಕ್ಕಲ್ಲಿರ್ತಿತ್ತು” ಅಂದೆ. ಪುಟ ತೆಗೆದು ತೋರಿಸಿದೆ. ಅದರೊಳಗೆ ನಿನ್ನ ಪತ್ರ ಇತ್ತು, ಅದನ್ನೂ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದರು. ಆಮೇಲೆ ಪತ್ರ ಮಡಚಿ ಕೊಟ್ಟು ಅಂದರು: “ಹಾಗಾದ್ರೆ ಸರಿ. ಅಂಕಿತಾ ಬರೆದಿದ್ದಾಳೆ, ಅವಳೇ ನೋಡಿದ್ದಾಳೆ. ಇಂಥದ್ದು ಇದ್ದಿದ್ರೆ ಅವಳು ಬಿಡೋಳಲ್ಲ. ನನಗೇ ಮರೆವು, ಮಗು ವಯಸ್ಸಿನ ನೆನಪು.”

ಪುಸ್ತಕ ಅಂಕಿತಾದು ಅಂತ ನಿಮಗೆ ಯಾರು ಹೇಳಿದರು ಅಂದೆ. ನಕ್ಕರು. “ಯಾರು ಹೇಳ್ಬೇಕು. ಎಂಟು ವರ್ಷ ಅವಳ ನೋಟ್‌ಬುಕ್ ತಿದ್ದಿದ್ದೀನಿ. ಮೊದಲನೇ ಪುಟದಲ್ಲೇ ಗೊತ್ತಾಯ್ತು. ಇಷ್ಟು ದೊಡ್ಡ ದೇಶದ ಮೇಲೆ ಬರೆದಿದ್ದಾಳೆ, ಒಂದು ಕಡೆನೂ ‘ತುಂಬಾ’ ಅಂತಿಲ್ಲ ನೋಡು. ನಿನ್ನ ಹೆಸರು ಯಾಕೆ ಹಾಕಿಕೊಂಡೆ ಅಂತ ಕೇಳಬೇಕು ಅಂತಿದ್ದೆ, ಊರಿಗೆ ಹೋದ ಮೇಲೆ ಕೇಳೋಣ ಅಂತ ಬಿಟ್ಟೆ.” ಆಮೇಲೆ ಇನ್ನೊಂದು ಟೀ ತರಿಸಿಕೊಂಡರು. ಅವರು ಅದನ್ನ ಕುಡಿದು ಮುಗಿಸೋ ಹೊತ್ತಿಗೆ ಒಂದು ದೋಣಿ ಹೊರಟಿದ್ದು ಕಿಟಕಿಯಿಂದ ಇಬ್ಬರೂ ನೋಡಿದೆವು. ಚೆನ್ನಾಗಿದೆ ಅಲ್ವಾ ಅಂದರು.

ಇಷ್ಟೇ. ಒಂದು ಮಾತೂ ಸೇರಿಸಿಲ್ಲ.

ಈಗ ನನ್ನ ಮಾತು. ನಿನ್ನ ಮೂರು ಷರತ್ತಿಗೂ ಒಪ್ಪಿದ್ದೀನಿ. ಚೀಟಿ ಅಂಟಿಸೋದಲ್ಲ, ಹೊಸದಾಗಿ ಅಚ್ಚು ಹಾಕಿಸ್ತಿದ್ದೀನಿ. ಮುಖಪುಟದಲ್ಲಿ ನಿನ್ನ ಹೆಸರು ಮಾತ್ರ. ಸೆಪ್ಟೆಂಬರ್ 20, ಶನಿವಾರ, ಅದೇ ಹಾಲ್. ನಿಮ್ಮಪ್ಪನಿಗೆ ನಾನೇ ಫೋನ್ ಮಾಡಿ ಹೇಳಿದೆ. “ಮತ್ತ ಕೋಟ್ ಇಸ್ತ್ರಿ ಮಾಡಸ್ತೇನ್ರಿ” ಅಂದರು. ಮೊದಲನೇ ಪ್ರತಿ ಟೀಚರ್ ಬಿಡುಗಡೆ ಮಾಡ್ತಾರೆ, ಅವರಾಗೇ ಕೇಳಿದರು. ನಿನ್ನ ಎಂಟನೇ ಅಧ್ಯಾಯ ಒಂದು ಬೇಕು. ಹತ್ತನೇ ತಾರೀಖಿನೊಳಗೆ ಕಳಿಸು.

ನಿನಗೆ ಮೊದಲೇ ಗೊತ್ತಿತ್ತು ಅಂತ ಟೀಚರ್‌ಗೆ ನಾನು ಹೇಳಿಲ್ಲ. ಪುಟದಲ್ಲಿ ಬಿಟ್ಟುಹೋಯ್ತು, ಪ್ರೆಸ್‌ನವರ ಅವಸರ ಅಂತ ಹೇಳಿದ್ದೀನಿ. ನಂಬಿದ್ದಾರೆ. ಅವರ ಮುಂದೆ ನಾನೊಬ್ಬಳು ಕೆಟ್ಟವಳಾದರೆ ಸಾಕು. ಅದು ನಮ್ಮಿಬ್ಬರಲ್ಲೇ ಇರಲಿ. ಎಲ್ಲ ಮುಗೀತು ಅಂದುಕೋ.

ಬೃಂದಾ


ಅಂಕಿತಾ
ಸಟನ್, 4 ಸೆಪ್ಟೆಂಬರ್ 2025

ಬೃಂದಾ ಅವರಿಗೆ,

ನಿಮ್ಮ ಪತ್ರ ಸೋಮವಾರ ತಲುಪಿತು. ಎಂಟನೆಯ ಅಧ್ಯಾಯವನ್ನು ಹೊಸದಾಗಿ ಬರೆಯಬೇಕಾಗಿಲ್ಲ. ಜುಲೈ 21ರಂದೇ ಬರೆದದ್ದಿದೆ, ನಿಮ್ಮನ್ನು ಸಂಬೋಧಿಸಿ, ಇದರೊಂದಿಗೆ ಇಟ್ಟಿದ್ದೇನೆ. ಬೇಕಾದಷ್ಟನ್ನು ಬಳಸಿಕೊಳ್ಳಿ. ಮೊದಲ ಸಾಲು, ಕೊನೆಯ ಭಾಗ ನಿಮಗೆ ಸೇರಿದ್ದು, ಓದಿಕೊಳ್ಳಿ.

ಅದರ ಇನ್ನೊಂದು ಪ್ರತಿಯನ್ನು ತಾರೀಖಿನ ಸಮೇತ ನಿನ್ನೆ ಟೀಚರ್ ಮನೆಗೆ ಅಂಚೆಯಲ್ಲಿ ಕಳಿಸಿದೆ. ಯಾವುದೂ ನಮ್ಮಿಬ್ಬರಲ್ಲಿ ಉಳಿಯುವುದು ನನಗೆ ಬೇಡ. ಪ್ರೆಸ್‌ನವರ ಅವಸರ ಎಂದು ಅವರಿಗೆ ನೀವು ಹೇಳಿದ ಸುಳ್ಳಿಗೆ ನೀವೇ ಉತ್ತರ ಕೊಟ್ಟುಕೊಳ್ಳಿ.

ತಂದೆಯವರು ಮೇ ತಿಂಗಳಲ್ಲಿ ನಿಮ್ಮ ಕಚೇರಿಗೆ ಬಂದದ್ದನ್ನು ನಾನು ಬಲ್ಲೆ ಎಂದು ಇವತ್ತು ಅವರಿಗೆ ಹೇಳಿದೆ. “ಹೋಗ್ಲಿ ಬಿಡವಾ, ಚಾ ಚಲೋ ಮಾಡಿದ್ರು” ಎಂದರು. ಕೋಟು ಇಸ್ತ್ರಿಯಾಗಿ ಬಾಗಿಲ ಹಿಂದೆ ನೇತಾಡುತ್ತಿದೆ.

ನನ್ನ ಹೆಸರನ್ನು ನಂಬಿಯೇ ಟೀಚರ್ ಆ ದೋಣಿಯನ್ನು ಬಿಟ್ಟರು. ಪುಸ್ತಕದ ಮೇಲೆ ಅದನ್ನು ಹಾಕಲು ನಾನು ಒಪ್ಪುವುದಿಲ್ಲ.